ಸೂಜಿಯ ಮೂರನೇ ಚೂರು

ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು, "ಗೌರಮ್ಮನೋರೇ, ಇಷ್ಟು ವರ್ಷ ಗಾರ್ಮೆಂಟ್ಸಿನಲ್ಲಿ ದುಡಿದೋರು ನೀವು. ನಮ್ಮ ಕಡೆ ಹೆಣ್ಣುಮಕ್ಕಳು ಈಗ ಆ ಕೆಲಸಕ್ಕೆ ಸೇರ್ತಿದ್ದಾರೆ. ಅವರಿಗೆ ಉಪಯೋಗ ಆಗೋ ಹಾಗೆ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಿ" ಅಂದ್ರು. ನಾಲ್ಕು ಮಾತು ಅಂದ್ರೆ ಯಾವುದು ಅಂತ ನನಗೆ ಗೊತ್ತಿಲ್ವೆ? ಶಿಸ್ತು, ಶ್ರಮ, ಸಮಯಪಾಲನೆ. ಅದನ್ನ ಬರೆಯೋಕೆ ನಾನೇ ಬೇಕಾಗಿಲ್ಲ, ಫ್ಯಾಕ್ಟರಿ ಗೋಡೆ ಮೇಲೆ ಮೂರು ಭಾಷೆಯಲ್ಲಿ ದೊಡ್ಡದಾಗಿ ಬರೆಸಿರ್ತಾರೆ. ನಾನು ಬರೀಬೇಕಾದ್ದು ಬೇರೆ ಇದೆ. ನನ್ನ ಕೈಕೆಳಗೆ ಸೆಲ್ವಿ ಅಂತ ಒಬ್ಬಳು ಟೈಲರ್ ಇದ್ದಳು. ನನ್ನ ಒಂದು ಸುಳ್ಳಿನಿಂದ ಅವಳ ಕೆಲಸ ಹೋಯ್ತು, ಹೆಸರೂ ಹೋಯ್ತು. ಅದನ್ನ ನುಂಗಿಕೊಂಡು ಉಳಿದದ್ದೆಲ್ಲ ಉಪದೇಶ ಮಾಡಿದ್ರೆ ನನ್ನ ಮುಖಕ್ಕೆ ನಾನೇ ಉಗೀಬೇಕು. ಆದರೆ ಅದು ನಿಮಗೆ ಅರ್ಥ ಆಗಬೇಕಾದ್ರೆ ಒಂದು ಬಟ್ಟೆ ಹೇಗೆ ಹುಟ್ಟುತ್ತೆ ಅನ್ನೋದನ್ನ ಮೊದಲು ಹೇಳಬೇಕು. ಸ್ವಲ್ಪ ತಾಳ್ಮೆ ಇರಲಿ. ನಾನು ಶುರು ಮಾಡಿದ್ರೆ ನಿಲ್ಲಿಸಲ್ಲ ಅಂತ ನಮ್ಮೆಜಮಾನ್ರು ಮೊದಲಿಂದಲೂ ಹೇಳ್ತಾರೆ.

ನಾನು ನಂಜನಗೂಡು ಕಡೆಯೋಳು. ಮದುವೆ ಆಗಿ ಇಲ್ಲಿಗೆ, ಈ ತಮಿಳರ ಊರಿಗೆ ಬಂದಾಗ ಯಜಮಾನ್ರು ಅಂಬತ್ತೂರು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮೆಷಿನ್ ಮೇಲೆ ಇದ್ರು. ನನಗೆ ಬರ್ತಿದ್ದದ್ದು ಒಂದೇ ವಿದ್ಯೆ, ಸೋದರತ್ತೆ ಹೇಳಿಕೊಟ್ಟ ಹೊಲಿಗೆ. ಮಗಳು ಸ್ಕೂಲಿಗೆ ಹೋಗೋ ಹಾಗಾದ ಮೇಲೆ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದ ಒಂದು ರಫ್ತು ಬಟ್ಟೆ ಫ್ಯಾಕ್ಟರಿಯ ಸ್ಯಾಂಪಲ್ ರೂಮಿಗೆ ಸೇರಿದೆ. ತಮಿಳು ಆರು ತಿಂಗಳಲ್ಲಿ ಬಂತು. ಬಂದದ್ದು ಎಷ್ಟು ಗಟ್ಟಿಯಾಗಿ ಬಂತು ಅಂದ್ರೆ, ಈಗ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಲ್ಲಿ ಉತ್ತರ ಕೊಡ್ತಾಳೆ, ನಾನೂ ಗೊತ್ತಿಲ್ಲದೆ ತಮಿಳಲ್ಲೇ ಜಗಳಕ್ಕೆ ನಿಲ್ತೀನಿ. ಫ್ಯಾಕ್ಟರಿಯ ಮಾತೆಲ್ಲ ತಮಿಳೇ. ಇಲ್ಲಿ ನಿಮಗೋಸ್ಕರ ಕನ್ನಡ ಮಾಡಿ ಬರೀತಿದ್ದೀನಿ.

ಒಂದು ಮಗುವಿನ ಫ್ರಾಕ್ ಅಂತಿಟ್ಟುಕೊಳ್ಳಿ. ಅದು ಮೊದಲು ಹುಟ್ಟೋದು ಇಲ್ಲಿ ಅಲ್ಲ. ಎಲ್ಲೋ ಸಮುದ್ರದ ಆಚೆ ದೇಶದಲ್ಲಿ ಒಬ್ಬಳು ಕೂತು ಚಿತ್ರ ಬರೀತಾಳೆ. ಅದರ ಜೊತೆಗೆ ಅಳತೆಯ ಹಾಳೆಗಳು ಬರುತ್ತವೆ. ಕುತ್ತಿಗೆ ಎಷ್ಟು, ಸೊಂಟ ಎಷ್ಟು, ಅಂಚು ಎಷ್ಟು ಮಡಿಚಬೇಕು, ಒಂದು ಇಂಚಿಗೆ ಎಷ್ಟು ಹೊಲಿಗೆ ಬೀಳಬೇಕು, ಎಲ್ಲಾ. ಚಿತ್ರ ನೋಡಿ ಪ್ಯಾಟರ್ನ್ ಮಾಸ್ಟರ್ ದಪ್ಪ ಕಾಗದದಲ್ಲಿ ತುಂಡು ತುಂಡಾಗಿ ಅಳತೆ ಕತ್ತರಿಸ್ತಾರೆ. ಆ ಕಾಗದ ಇಟ್ಟು ನಮ್ಮಂಥೋರು ಒಂದೇ ಒಂದು ಫ್ರಾಕ್ ಹೊಲಿತೀವಿ. ಅದೇ ಸ್ಯಾಂಪಲ್. ಅದು ವಿಮಾನ ಹತ್ತಿ ಆ ದೇಶಕ್ಕೆ ಹೋಗುತ್ತೆ. ಅವಳು ಅದನ್ನ ಬೊಂಬೆಗೆ ಹಾಕಿ ನೋಡಿ, ತೋಳು ಬಿಗಿ, ಕುತ್ತಿಗೆ ಸಡಿಲ ಅಂತ ತಪ್ಪು ಬರೆದು ಕಳಿಸ್ತಾಳೆ. ಮತ್ತೆ ಹೊಲಿ, ಮತ್ತೆ ಕಳಿಸು. ನಾಲ್ಕೈದು ಸಲ ಹೋಗಿ ಬಂದ ಮೇಲೆ ಒಂದಕ್ಕೆ ಸೀಲು ಬೀಳುತ್ತೆ. ಆಮೇಲೆ ಆ ಸೀಲಿನ ಫ್ರಾಕೇ ನಮಗೆಲ್ಲ ದೇವರು. ಸಾವಿರಗಟ್ಟಲೆ ಫ್ರಾಕು ಹೊಲಿದರೂ ಪ್ರತಿಯೊಂದೂ ಅದರ ಹಾಗೇ ಇರಬೇಕು.

ಆ ದೇವರಿಗೆ ನಾನು ಮಾಡಿದ ಮೊದಲ ಅಪಚಾರ ಕೇಳಿ. ಹೊಸದಾಗಿ ಸೇರಿದ್ದೆ. ಸ್ಯಾಂಪಲ್ ಅವತ್ತೇ ಹೋಗಬೇಕು, ಸ್ಟೋರಿನಲ್ಲಿ ಗುಂಡಿ ಇಲ್ಲ. ನಾನು ಜಾಣೆ ಅಲ್ವೆ? ಊಟದ ಹೊತ್ತಿನಲ್ಲಿ ಮನೆಗೆ ಓಡಿ, ನನ್ನ ಮಗಳ ಹಳೇ ಫ್ರಾಕಿನ ಐದು ಗುಂಡಿ ಬಿಚ್ಚಿ ತಂದು ಹಾಕಿ ಕಳಿಸಿಬಿಟ್ಟೆ. ಚಿತ್ರ ಬರೆದ ಆ ಮಹಾತಾಯಿಗೆ ಫ್ರಾಕಿಗಿಂತ ಗುಂಡಿಯೇ ಹಿಡಿಸಿಬಿಡ್ತು! ಇದೇ ಗುಂಡಿ ಬೇಕು, ಬೇರೆ ಒಪ್ಪಲ್ಲ ಅಂತ ಬರೆದಳು. ಅದು ನಮ್ಮತ್ತೆ ನಂಜನಗೂಡಿನ ಸಂತೆಯಲ್ಲಿ ಯಾವ ಕಾಲದಲ್ಲೋ ಕೊಂಡಿದ್ದು. ಸೌಕಾರ್‌ಪೇಟೆಯ ಒಂದೊಂದು ಗುಂಡಿ ಅಂಗಡಿಗೂ ನಾನು ಮಗಳ ಫ್ರಾಕಿನಲ್ಲಿ ಉಳಿದಿದ್ದ ಒಂದು ಗುಂಡಿ ಕೈಯಲ್ಲಿ ಹಿಡ್ಕೊಂಡು ಅಲೆದೆ. ಸಿಗಲಿಲ್ಲ. ಕೊನೆಗೆ ಒಬ್ಬ ಸೇಟು ಅಚ್ಚು ಮಾಡಿಸಿ ಕೊಟ್ಟ. ಅಷ್ಟು ಹೊತ್ತಿಗೆ ಫ್ಯಾಕ್ಟರಿಯಲ್ಲಿ ನನ್ನ ಹೆಸರು 'ಬಟನ್ ಅಮ್ಮ' ಆಗಿತ್ತು. ಇಲ್ಲದ ಸಾಮಾನಿನ ಜಾಗದಲ್ಲಿ ಇನ್ನೇನೋ ಇಟ್ಟು ಕೆಲಸ ಸಾಗಿಸೋ ಚಾಳಿ ನನಗೆ ಆಗಲೇ ಇತ್ತು. ಅವತ್ತು ಎಲ್ಲರೂ ನಕ್ಕರು, ನಾನೂ ನಕ್ಕೆ. ಯಾರಾದರೂ ಅವತ್ತೇ ಎರಡು ಬಾರಿಸಬೇಕಿತ್ತು.

ನಮ್ಮ ಪ್ಯಾಟರ್ನ್ ಮಾಸ್ಟರ್ ಕಾಸಿಂ ಅಂತ. ಬಿಳೀ ಗಡ್ಡ, ಕಿವಿ ಹಿಂದೆ ಪೆನ್ಸಿಲ್ಲು, ಮೂಗಿನ ತುದಿಗೆ ಕೋಪ. ಒಂದು ನೂಲು ಅಳತೆ ಹೆಚ್ಚು ಕಡಿಮೆ ಆದರೆ ಕತ್ತರಿ ಮೇಜಿನ ಮೇಲೆ ಕುಕ್ಕಿ ಹೊರಗೆ ಹೋಗಿ ಟೀ ಕುಡಿದು ಬರೋರು. ನನಗೆ ಬಟ್ಟೆಯ ವಿಚಾರ ಏನಾದರೂ ತಿಳಿದಿದ್ದರೆ ಅವರಿಂದ. ಟೀ ಷರ್ಟಿನ ಬಟ್ಟೆ ಇರುತ್ತಲ್ಲ, ಅದನ್ನ ಗಿರಣಿಯಲ್ಲಿ ಎಳೆದು ಬಿಗಿಯಾಗಿ ಸುತ್ತಿರ್ತಾರೆ. ಬಂದ ತಕ್ಷಣ ಕತ್ತರಿಸಬಾರದು. ಸುರುಳಿ ಬಿಚ್ಚಿ ಒಂದು ದಿನ ಸುಮ್ಮನೆ ಬಿಟ್ಟಿರಬೇಕು. ಆಗ ಅದು ತನ್ನ ನಿಜವಾದ ಅಳತೆಗೆ ಬರುತ್ತೆ. ಒಂದು ಸಲ ಮಾಸ್ಟರ್ ಮಗಳ ಮದುವೆಗೆ ರಜೆ ಹಾಕಿದ್ರು. ಕಟಿಂಗಿನೋರು ಬಂದು, ಟೈಮ್ ಇಲ್ಲ, ಕತ್ತರಿಸಲಾ ಅಂದ್ರು. ನಾನು ದೊಡ್ಡ ಮನುಷ್ಯಳ ಹಾಗೆ, "ಕತ್ತರಿಸಿ, ಏನಾಗಲ್ಲ" ಅಂದೆ. ಆಗಬೇಕಾದ್ದೆಲ್ಲ ಆಯ್ತು. ಹೊಲಿದು ಒಗೆದ ಮೇಲೆ ಒಂದೊಂದು ಷರ್ಟೂ ಹೊಕ್ಕಳ ಮೇಲಕ್ಕೆ ನಿಂತಿತು. ಇಡೀ ಆರ್ಡರು ಇಲ್ಲೇ ನಮ್ಮೂರಿನ ಪ್ಯಾರಿಸ್ ಅನ್ನೋ ಪೇಟೆಯ ಫುಟ್‌ಪಾತಿನಲ್ಲಿ ಗುಡ್ಡೆ ಹಾಕಿ ಮಾರಾಟ ಆಯ್ತು.

ಮಾಸ್ಟರ್ ವಾಪಸ್ ಬಂದು, "ಯಾರು ಹೇಳಿದ್ದು?" ಅಂತ ಒಂದೇ ಮಾತು ಕೇಳಿದ್ರು. ನಾನು ಅಳ್ತಾ ನಾನೇ ಅಂದೆ. ಅವರು ನೇರವಾಗಿ ದೊಡ್ಡ ಸಾರ್ ರೂಮಿಗೆ ಹೋದ್ರು. ದೊಡ್ಡ ಸಾರ್ ಅಂದ್ರೆ ನಮ್ಮ ಜನರಲ್ ಮ್ಯಾನೇಜರ್. ಬಾಗಿಲು ತೆಗೆದೇ ಇತ್ತು, ನಾನು ಹೊರಗೆ ನಿಂತಿದ್ದೆ. "ನನ್ನ ಟೇಬಲಿನಲ್ಲಿ ಆದ ತಪ್ಪು, ನನ್ನದು ಸಾರ್. ಆ ಹುಡುಗಿಗೆ ನಾನು ಸರಿಯಾಗಿ ಹೇಳಿಕೊಟ್ಟಿರಲಿಲ್ಲ" ಅಂದ್ರು. ಸುಳ್ಳು. ಹತ್ತು ಸಲ ಹೇಳಿಕೊಟ್ಟಿದ್ರು. ಬೈಸಿಕೊಂಡು ಹೊರಗೆ ಬಂದು ನನಗೆ ಒಂದು ಮಾತೂ ಅನ್ನದೆ ಟೀಗೆ ಹೋದ್ರು. ಕೆಲವು ವರ್ಷ ಆದ ಮೇಲೆ ಕಾಗದದ ಪ್ಯಾಟರ್ನ್ ಹೋಗಿ ಕಂಪ್ಯೂಟರ್ ಬಂತು. ಪರದೆ ಮೇಲೆ ಗೆರೆ ಎಳೆಯೋದು ನನ್ನ ಕೈಲಿ ಆಗಲ್ಲ ಅಂತ ಮಾಸ್ಟರ್ ಮನೆಗೆ ಹೋದ್ರು. ಅವರು ಇನ್ನೊಂದಷ್ಟು ವರ್ಷ ಇದ್ದಿದ್ದರೆ ಮುಂದೆ ನಾನು ಮಾಡಿದ ಕೆಲಸ ಮಾಡೋಕೆ ನನಗೆ ನಾಚಿಕೆ ಆಗ್ತಿತ್ತೋ ಏನೋ.

ಆಮೇಲೆ ನಾನು ಏನೇನೋ ಆದೆ, ಅದು ಬಿಡಿ. ಕೊನೆಗೆ ಹೊಲಿಗೆ ಲೈನಿನಲ್ಲಿ ಕ್ವಾಲಿಟಿ ನೋಡ್ಕೊಳ್ಳೋ ಇನ್‌ಚಾರ್ಜ್ ಆದೆ. ಲೈನ್ ಅಂದ್ರೆ ಸಾಲಾಗಿ ಮೆಷಿನ್ನುಗಳು. ಮುಂಚೆ ಒಬ್ಬ ಟೈಲರ್ ಒಂದು ಬಟ್ಟೆ ಪೂರ್ತಿ ಹೊಲಿಯೋನು, ಇದು ನಾನು ಹೊಲಿದದ್ದು ಅಂತ ಎತ್ತಿ ತೋರಿಸೋನು. ಲೈನಿನಲ್ಲಿ ಹಾಗಿಲ್ಲ. ಒಬ್ಬಳು ಭುಜ ಮಾತ್ರ ಕೂಡಿಸ್ತಾಳೆ, ಪಕ್ಕದೋಳು ತೋಳು, ಅದರ ಪಕ್ಕದೋಳು ಸೊಂಟ. ಬೆಳಗಿಂದ ಸಂಜೆವರೆಗೂ ಅದೊಂದೇ. ಹೊಲಿದ ಮೇಲೆ ದಾರ ಕತ್ತರಿಸಿ, ಒಗೆದು, ಇಸ್ತ್ರಿ ಮಾಡಿ, ಮಡಿಚಿ, ಕವರಿಗೆ ಹಾಕಿ, ಪೆಟ್ಟಿಗೆಗೆ ತುಂಬಿ, ಕಂಟೇನರಿಗೆ ಏರಿಸಿ ಬಂದರಿಗೆ ಕಳಿಸೋದು.

ಸೊಂಟ ಕೂಡಿಸೋಳು ಸೆಲ್ವಿ. ತಿರುವೊಟ್ಟಿಯೂರಿನ ಮೀನುಗಾರರ ಮನೆ ಹುಡುಗಿ. ಎರಡು ಟ್ರೈನ್ ಬದಲಿಸಿ ಬಂದರೂ ನನಗಿಂತ ಮೊದಲು ಮೆಷಿನ್ ಮುಂದೆ ಇರೋಳು. ಅಬ್ಬಾ, ಏನು ಕೈ ಅದು! ಫ್ರಾಕಿನ ಸೊಂಟದಲ್ಲಿ ನೆರಿಗೆ ಹಿಡಿದು ಕೂಡಿಸೋದು ಹುಡುಗಾಟ ಅಲ್ಲ, ನೆರಿಗೆ ಒಂದು ಕಡೆಗೆ ಸರಿದುಬಿಡುತ್ತೆ. ಅವಳ ಕೈಯಲ್ಲಿ ಸರೀತಾನೇ ಇರಲಿಲ್ಲ. ನನ್ನನ್ನ 'ಕನ್ನಡಕ್ಕಾ' ಅಂತ ಕರೆಯೋಳು. ನಾವು ಲಿಂಗಾಯತರು, ಮೀನು ಮುಟ್ಟಲ್ಲ ಅಂತ ಗೊತ್ತಿದ್ದೂ ಬೇಕಂತಲೇ ಡಬ್ಬಿ ಮುಚ್ಚಳ ಅರ್ಧ ತೆಗೆದು, "ಕನ್ನಡಕ್ಕಾ, ವಾಸನೆಗೂ ಮಡಿ ಕೆಡುತ್ತಾ?" ಅಂತ ರೇಗಿಸೋಳು. ಕೋಲು ತೊಗೊಂಡು ಬರ್ತೀನಿ ನೋಡು ಅಂತ ನಾನು ಗದರಿಸ್ತಿದ್ದೆ. ಅವಳ ಮಗುವಿಗೆ ಕಿವಿ ಚುಚ್ಚೋ ಶಾಸ್ತ್ರಕ್ಕೆ ನಾನು ತಿರುವೊಟ್ಟಿಯೂರಿಗೆ ಹೋಗಿದ್ದೆ. ಅವಳ ತಾಯಿ ನನಗೋಸ್ಕರ ಹೊಸಾ ಪಾತ್ರೆ ತಂದು, ಅದರಲ್ಲಿ ಬೇರೆಯಾಗಿ ಸಾಂಬಾರು ಮಾಡಿ, ಪಕ್ಕದಲ್ಲೇ ಕೂತು ಬಡಿಸಿದ್ರು. "ನನ್ನ ಮಗಳು ಮನೇಲಿ ಯಾವಾಗಲೂ ನಿಮ್ಮ ವಿಷಯವೇ ಹೇಳ್ತಿರ್ತಾಳೆ. ಅವಳನ್ನ ನೋಡ್ಕೊಳ್ಳಿ ಅಮ್ಮಾ" ಅಂದ್ರು. ನೋಡ್ಕೊಳ್ತೀನಿ ಅಂದೆ.

ಈಗ ಸೂಜಿಯ ವಿಚಾರ. ಹೊಸದಾಗಿ ಸೇರೋರು ಇದನ್ನ ಮನಸ್ಸಿಟ್ಟು ಓದಬೇಕು. ಮೆಷಿನ್ ಸೂಜಿ ಮುರಿದರೆ ಟೈಲರ್ ಕೂತ ಜಾಗದಿಂದ ಅಲ್ಲಾಡಬಾರದು, ಕೈ ಎತ್ತಬೇಕು. ಇನ್‌ಚಾರ್ಜ್ ಅಯಸ್ಕಾಂತ ತೊಗೊಂಡು ಬಂದು ಚೂರುಗಳನ್ನ ಹುಡುಕಬೇಕು. ಸಿಕ್ಕ ಚೂರುಗಳನ್ನೆಲ್ಲ ಸೂಜಿ ಪುಸ್ತಕದ ಹಾಳೆ ಮೇಲೆ ಒಂದಕ್ಕೊಂದು ಕೂಡಿಸಿ, ಇಡೀ ಸೂಜಿ ಆಗೋ ಹಾಗೆ ಟೇಪು ಹಾಕಿ ಅಂಟಿಸಬೇಕು. ಕೆಳಗೆ ಟೈಲರ್ ಸಹಿ, ಇನ್‌ಚಾರ್ಜ್ ಸಹಿ. ಆಮೇಲೇ ಹೊಸಾ ಸೂಜಿ. ಒಂದೇ ಒಂದು ಚೂರು ಸಿಗದಿದ್ದರೂ ಲೈನ್ ನಿಲ್ಲಿಸಿ, ಆ ಮೆಷಿನ್ ಸುತ್ತ ಇರೋ ಬಟ್ಟೆಯನ್ನೆಲ್ಲ ಬೇರೆ ಇಟ್ಟು, ಲೋಹ ಪತ್ತೆ ಮಾಡೋ ಮೆಷಿನ್ನಿನಲ್ಲಿ ಒಂದೊಂದಾಗಿ ಹಾಯಿಸಿ ನೋಡಬೇಕು. ಯಾಕೆ ಅಂದ್ರೆ ಆ ಚೂರು ಹೊಲಿಗೆಯೊಳಗೆ ಕೂತಿದ್ದರೆ, ಆ ಫ್ರಾಕು ಯಾವುದೋ ಮಗುವಿನ ಮೈಮೇಲೆ ಹೋಗುತ್ತೆ.

ಅವತ್ತು ಬೆಳಗ್ಗೆ ಪ್ರೊಡಕ್ಷನ್ ಮ್ಯಾನೇಜರ್, ದೊಡ್ಡ ಸಾರ್ ಅಲ್ಲ, ಅವರ ಕೈಕೆಳಗಿನೋರು, ನಮ್ಮನ್ನೆಲ್ಲ ನಿಲ್ಲಿಸಿ, ಸಂಜೆ ಐದಕ್ಕೆ ಕಂಟೇನರ್ ಗೇಟು ದಾಟಬೇಕು ಅಂತ ಹೇಳಿ, ಬಂದರಿನ ಕೆಲಸಕ್ಕೆ ಕಾರು ಹತ್ತಿ ಹೋದ್ರು. ಲೋಹ ಪತ್ತೆ ಮೆಷಿನ್ ಕೆಟ್ಟು ಎರಡು ದಿನ ಆಗಿತ್ತು, ರಿಪೇರಿಯೋನು ಮಾರನೇ ದಿನ ಬರೋದಿತ್ತು. ಊಟ ಮುಗಿಸಿ ಕೂತ ಸ್ವಲ್ಪ ಹೊತ್ತಿಗೆ ಸೆಲ್ವಿ ಕೈ ಎತ್ತಿದಳು. ಸೂಜಿ ಮೂರು ಚೂರಾಗಿತ್ತು. ದಪ್ಪ ತುಂಡು ಮೆಷಿನ್ನಿನಲ್ಲೇ ಇತ್ತು, ನಡುವಿನದು ಮಡಿಲಿನಲ್ಲಿ ಸಿಕ್ತು. ತುದಿ ಮಾತ್ರ ಇಲ್ಲ. ನೆಲದ ಮೇಲೆ ಮಂಡಿಯೂರಿ ಹುಡುಕಿದ್ವಿ. ಅವಳು ಸೀರೆ ಸೆರಗು, ತಲೆಗೂದಲು ಎಲ್ಲಾ ಝಾಡಿಸಿದಳು. ಇಲ್ಲ. ಮೆಷಿನ್ ಕೆಟ್ಟಿದೆ, ಹಾಗಾಗಿ ನಿಯಮದ ಪ್ರಕಾರ ಆ ಬಟ್ಟೆ ಕಳಿಸೋ ಹಾಗಿಲ್ಲ. ಬಟ್ಟೆ ನಿಂತರೆ ಕಂಟೇನರ್ ನಿಲ್ಲುತ್ತೆ. ಕಂಟೇನರ್ ನಿಂತರೆ ನನ್ನ ಲೈನ್, ನನ್ನ ಹೆಸರು.

ನನ್ನ ಮೇಜಿನ ಡ್ರಾಯರಿನಲ್ಲಿ ಬಿಸಾಡೋ ಹಳೇ ಸೂಜಿ ಚೂರುಗಳ ಡಬ್ಬಿ ಇತ್ತು. ಅದರಿಂದ ಒಂದು ತುದಿ ಆರಿಸಿ, ಸೆಲ್ವಿಯ ಎರಡು ಚೂರುಗಳ ಕೆಳಗೆ ಇಟ್ಟು ಟೇಪು ಹಾಕಿದೆ. ಪುಸ್ತಕ ಅವಳ ಮುಂದೆ ಇಟ್ಟು, "ಸಹಿ ಹಾಕು" ಅಂದೆ.

ಅವಳು ಬಗ್ಗಿ ನೋಡಿದಳು. "ಅಕ್ಕಾ, ಇದು ಎನ್ನೋಡದು ಇಲ್ಲೆ" ಅಂದಳು. ಇದು ನನ್ನದಲ್ಲ ಅಂತ.

"ಸಿಕ್ತು ಅಂತ ತಿಳ್ಕೋ. ಸಹಿ ಹಾಕು."

"ನಂದು ಒಂಬತ್ತನೇ ನಂಬರಿನ ಸೂಜಿ ಅಕ್ಕಾ. ಇದು ದಪ್ಪ ಇದೆ, ಹನ್ನೊಂದರದ್ದು. ನಂದಲ್ಲ ಅಕ್ಕಾ."

"ಅದೆಲ್ಲ ನನಗೆ ಗೊತ್ತು ಕಣೇ. ಏನಾದ್ರೂ ಆದ್ರೆ ನಾನಿದ್ದೀನಿ. ಹಾಕು."

ಅವಳು ನನ್ನ ಮುಖ ಒಂದು ಸಲ ನೋಡಿ ಸಹಿ ಹಾಕಿದಳು. ನಾನು ಹೊಸಾ ಸೂಜಿ ಕೊಟ್ಟೆ. ಲೈನ್ ಓಡ್ತು.

ಕಂಟೇನರಿಗೆ ಏರಿಸೋ ಮುಂಚೆ ಬಯರ್, ಅಂದ್ರೆ ಬಟ್ಟೆ ಕೊಳ್ಳೋ ಆ ಹೊರದೇಶದ ಕಂಪನಿ ಕಡೆಯ ಇನ್‌ಸ್ಪೆಕ್ಟರ್ ಬಂದ. ನಮ್ಮ ಮೆಷಿನ್ ಕೆಟ್ಟಿದೆ ಅಂತ ಗೊತ್ತಾಗಿ ತನ್ನದೇ ಕೈಯಲ್ಲಿ ಹಿಡಿಯೋ ಯಂತ್ರ ತಂದಿದ್ದ. ಪೆಟ್ಟಿಗೆ ಬಿಚ್ಚಿ ಒಂದೊಂದೇ ಫ್ರಾಕಿನ ಮೇಲೆ ಆಡಿಸ್ತಾ ಹೋದ. ಒಂದು ಹಳದಿ ಫ್ರಾಕಿನ ಸೊಂಟದ ಹತ್ತಿರ ಅದು ಕೂಗಿಕೊಳ್ತು. ಹೊಲಿಗೆ ಬಿಚ್ಚಿದ. ನೆರಿಗೆ ಒಳಗೆ ಸೂಜಿಯ ತುದಿ ಇತ್ತು. ಯಾವ ಮಗುವಿಗೂ ಏನೂ ಆಗಲಿಲ್ಲ, ಅದೊಂದು ಶಿವನ ದಯೆ. ಸೂಜಿ ಪುಸ್ತಕ ತರಿಸಿದ. ಫ್ರಾಕಿನಲ್ಲಿ ಸಿಕ್ಕ ತುದಿ ಸೆಲ್ವಿಯ ನಡುವಿನ ಚೂರಿಗೆ ಸರಿಯಾಗಿ ಕೂಡ್ತು. ಅಂಟಿಸಿದ್ದ ತುದಿ ಕೂಡಲಿಲ್ಲ.

ದೊಡ್ಡ ಸಾರ್ ರೂಮಿಗೆ ನಮ್ಮಿಬ್ಬರನ್ನೂ ಕರೆಸಿದ್ರು. "ಗೌರಮ್ಮ, ಈ ಚೂರು ಪುಸ್ತಕಕ್ಕೆ ಹೇಗೆ ಬಂತು?" ಅಂತ ಕೇಳಿದ್ರು. ಹಿಂದೆ ಕಾಸಿಂ ಮಾಸ್ಟರ್ ನಿಂತಿದ್ದ ಜಾಗದಲ್ಲೇ ನಾನು ನಿಂತಿದ್ದೆ. "ಅವಳು ಕೊಟ್ಟದ್ದನ್ನ ನಾನು ಅಂಟಿಸಿದೆ ಸಾರ್" ಅಂದೆ. ಅಷ್ಟೇ. ಒಂದೇ ಒಂದು ವಾಕ್ಯ. ಸೆಲ್ವಿ, "ಇಲ್ಲ ಸಾರ್, ಅಕ್ಕ..." ಅಂತ ಶುರು ಮಾಡಿ ನನ್ನ ಕಡೆ ತಿರುಗಿದಳು. ಮುಂದಿನದನ್ನ ನಾನೇ ಹೇಳ್ತೀನಿ ಅಂತ ಕಾದಳು. ನಾನು ಮೇಜಿನ ಮೇಲಿದ್ದ ಆ ಹಳದಿ ಫ್ರಾಕನ್ನ ನೋಡ್ತಾ ನಿಂತೆ. ಅವಳೂ ಸುಮ್ಮನಾದಳು. ಅವತ್ತೇ ಅವಳ ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸಿದ್ರು.

ನಾಳೆ ಹೋಗಿ ಹೇಳ್ತೀನಿ ಅಂದುಕೊಂಡೆ. ನಾಳೆ ಆಯ್ತು, ವಾರ ಆಯ್ತು. ಮನೆಯಲ್ಲಿ ಯಜಮಾನ್ರಿಗೆ ಹೇಳಿದೆ. ಅವರು ಊಟ ಅರ್ಧಕ್ಕೆ ಬಿಟ್ಟು, "ಹೋಗಿ ನಿಜ ಹೇಳು ಗೌರಿ. ಕೆಲಸ ಹೋದ್ರೆ ಹೋಗಲಿ, ನಾನಿದ್ದೀನಿ" ಅಂದ್ರು. ನಾನು ಅವರ ಮೇಲೇ ರೇಗಿದೆ. ಮಗಳ ಕಾಲೇಜು, ಮನೆ ಕಟ್ಟೋ ಸಾಲ ಅಂತ ಏನೇನೋ ಕಾರಣ ಒದರಿದೆ. ಕಾರಣ ಯಾವುದೂ ಅಲ್ಲ ಕಣ್ರೀ. ಅಷ್ಟು ವರ್ಷ ಎಲ್ಲರನ್ನೂ ಗದರಿಸಿಕೊಂಡು ಓಡಾಡಿದೋಳಿಗೆ ಆ ಹುಡುಗಿಯರ ಮುಂದೆ ತಲೆ ತಗ್ಗಿಸೋಕೆ ಆಗಲಿಲ್ಲ. ತಿರುವೊಟ್ಟಿಯೂರಿನ ಮನೆ ಗೊತ್ತಿರಲಿಲ್ಲ ಅಂತಲ್ಲ. ದೇವಸ್ಥಾನದ ಹಿಂದಿನ ಬೀದಿ, ಬಾವಿ ದಾಟಿ ಮೂರನೇ ಮನೆ. ಕಣ್ಣು ಮುಚ್ಚಿಕೊಂಡು ಹೋಗಬಹುದಿತ್ತು.

ಆಮೇಲೆ ಸೂಜಿಯ ವಿಷಯದಲ್ಲಿ ನಾನು ರಾಕ್ಷಸಿ ಆದೆ. ಒಂದು ಚೂರು ಸಿಗದಿದ್ದರೆ ಯಾವ ಕಂಟೇನರ್ ಆದರೂ ನಿಲ್ಲಿಸ್ತಿದ್ದೆ, ಮ್ಯಾನೇಜರ್ ಹಾರಾಡಿದರೂ ಜಗ್ಗುತ್ತಿರಲಿಲ್ಲ. ಗೌರಮ್ಮನ ಲೈನ್ ಅಂದ್ರೆ ಬಯರ್ ಕಣ್ಣು ಮುಚ್ಚಿ ಒಪ್ತಾನೆ ಅಂತ ಹೆಸರಾಯ್ತು. ಹೊಸ ಹುಡುಗಿಯರಿಗೆ ತರಬೇತಿ ಕೊಡೋದೂ ನನ್ನ ಪಾಲಿಗೇ ಬಂತು. ಆ ತರಬೇತಿಯಲ್ಲಿ ನಾನು ಏನು ಮಾಡ್ತಿದ್ದೆ ಗೊತ್ತಾ? "ಹಿಂದೆ ಒಬ್ಬಳು ಟೈಲರ್ ಇದ್ದಳು, ಬೇರೆ ಸೂಜಿಯ ಚೂರು ಕೊಟ್ಟು ಮೋಸ ಮಾಡಿದಳು, ಕೆಲಸ ಕಳ್ಕೊಂಡಳು" ಅಂತ ಉದಾಹರಣೆ ಕೊಡ್ತಿದ್ದೆ. ಹೆಸರು ಹೇಳ್ತಿರಲಿಲ್ಲ, ಅದೇ ದೊಡ್ಡ ಪುಣ್ಯ ಅಂದುಕೊಂಡಿದ್ದೆ. ಹೇಳ್ತಾ ಹೇಳ್ತಾ ನನಗೇ ಅದು ನಿಜ ಅನ್ನಿಸೋಕೆ ಶುರುವಾಗಿತ್ತು. ನನ್ನ ಬಾಳಿನಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಆ ಸುಳ್ಳು ಅಂತ ಜನ ಅಂದ್ಕೋಬಹುದು. ಅಲ್ಲ, ಆ ಪಾಠ.

ನಿವೃತ್ತಿ ಆದ ಮೇಲೂ ತಾಂಬರಂ ಹತ್ತಿರ ಒಂದು ತರಬೇತಿ ಕೇಂದ್ರದೋರು ಪಾಠಕ್ಕೆ ಕರೆದ್ರು. ಹೋದೆ. ಅದೇ ಕಥೆ ಹೇಳಿದೆ. ಕೊನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಮ್ಯಾಡಂ, ಒಂದು ಡೌಟು. ಚೂರು ಸಿಗಲಿಲ್ಲ ಅಂದ್ರೆ ಟೈಲರಿಗೆ ಶಿಕ್ಷೆ ಇದೆಯಾ?"

"ಇಲ್ಲ. ಲೈನ್ ನಿಲ್ಲುತ್ತೆ ಅಷ್ಟೆ."

"ಮತ್ತೆ ಆ ಟೈಲರ್ ಯಾಕೆ ಮೋಸ ಮಾಡಿದಳು? ಅವಳಿಗೆ ಏನು ಲಾಭ?"

ಪಾಪದ ಹುಡುಗಿ, ಅನುಮಾನದಿಂದ ಕೇಳಿದ್ದಲ್ಲ, ನಿಜವಾಗಿಯೂ ಅರ್ಥ ಆಗದೆ ಕೇಳಿದಳು. ಹದಿನೈದು ವರ್ಷದ ಮೇಲಾಗಿತ್ತು. ದೊಡ್ಡ ಸಾರ್ ಕೇಳಿರಲಿಲ್ಲ, ಇನ್‌ಸ್ಪೆಕ್ಟರ್ ಕೇಳಿರಲಿಲ್ಲ, ನಾನು ಪಾಠ ಮಾಡಿದ ಒಬ್ಬಳೂ ಕೇಳಿರಲಿಲ್ಲ. ಟೈಲರಿಗೆ ಏನೂ ಲಾಭ ಇಲ್ಲ. ಲೈನ್ ನಿಂತರೆ ಪೆಟ್ಟು ಬೀಳೋದು ಇನ್‌ಚಾರ್ಜಿಗೆ ಮಾತ್ರ. ನಾನು ತಲೆನೋವು ಅಂತ ಹೇಳಿ ಪಾಠ ನಿಲ್ಲಿಸಿ, ತಾಂಬರಂ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕ್ ಟ್ರೈನ್ ಹತ್ತಿದೆ. ಮನೆಗೆ ಹೋಗಲಿಲ್ಲ. ಊರಿನ ಆ ತುದಿಯಿಂದ ಈ ತುದಿಗೆ, ತಿರುವೊಟ್ಟಿಯೂರಿಗೆ ಹೋದೆ.

ಬಾವಿ ಮುಚ್ಚಿಹೋಗಿತ್ತು, ಮನೆ ಅದೇ. ಸೆಲ್ವಿ ಬಾಗಿಲ ಹತ್ತಿರದ ಬೆಳಕಿಗೆ ಮೆಷಿನ್ ಹಾಕ್ಕೊಂಡು ಬ್ಲೌಸ್ ಹೊಲೀತಿದ್ದಳು. ತಲೆ ಎತ್ತಿ ನೋಡಿದವಳಿಗೆ ನನ್ನ ಗುರುತು ಹಿಡಿಯೋಕೆ ಒಂದು ಕ್ಷಣವೂ ಬೇಕಾಗಲಿಲ್ಲ. "ವಾಂಗ ಅಕ್ಕಾ" ಅಂದಳು, ಬನ್ನಿ ಅಂತ. ಕುರ್ಚಿ ಎಳೆದು ಹಾಕಿದಳು, ನೀರು ಕೊಟ್ಟಳು, ಮತ್ತೆ ಹೊಲಿಯೋಕೆ ಕೂತಳು. ಕನ್ನಡಕ್ಕಾ ಅನ್ನಲಿಲ್ಲ. ಅವಳ ಬೆರಳ ಗಿಣ್ಣುಗಳು ಊದಿಕೊಂಡಿದ್ದವು. ಸೂಜಿ ಮೋಸ ಮಾಡಿದೋಳು ಅಂತ ಅಂಬತ್ತೂರಿನ ಯಾವ ಫ್ಯಾಕ್ಟರಿಯೂ ಸೇರಿಸ್ಕೊಳ್ಳಲಿಲ್ಲವಂತೆ. ಎಂಟು ವರ್ಷ ಐಸಿನಲ್ಲಿ ಕೈಯಿಟ್ಟು ಸೀಗಡಿ ಸುಲಿದಳಂತೆ. ಆ ಕೈಯಲ್ಲಿ ನೆರಿಗೆ ಹಿಡಿಯೋದು ಈಗ ಕಷ್ಟ ಅಂತ, ಯಾರದೋ ವಿಷಯ ಹೇಳೋ ಹಾಗೆ ಹೇಳಿದಳು.

"ಸೆಲ್ವಿ, ಒಂದು ಮಾತು ಹೇಳೋಕೆ ಬಂದೆ" ಅಂದೆ.

"ಯಾರಿಗೆ ಅಕ್ಕಾ?"

"ನಿನಗೆ."

"ನನಗೆ ಗೊತ್ತಿರೋದನ್ನ ನನಗೇ ಏನು ಹೇಳ್ತೀರಿ? ಅವತ್ತು ನಾನೂ ಅಲ್ಲೇ ಇದ್ದೆನಲ್ಲ." ಅವಳ ದನಿ ಏರಲಿಲ್ಲ. "ನಮ್ಮಮ್ಮನಿಗೆ ಹೇಳಬೇಕಿತ್ತು. ಅಕ್ಕ ಬಂದೇ ಬರ್ತಾರೆ, ನಮ್ಮ ಮನೇಲಿ ಉಂಡು ಹೋದೋರು ಹಾಗೆ ಬಿಡಲ್ಲ ಅಂತಿದ್ದಳು. ದಿನಾ ನನ್ನನ್ನ ಕೇಳೋಳು, ಬಂದ್ರಾ ಅಂತ. ಅವಳು ತೀರಿಹೋಗಿ ನಾಲ್ಕು ವರ್ಷ ಆಯ್ತು."

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಯಾಕೆ ಮಾಡಬೇಕು? ನಾನು ಕಣ್ಣು ಒರೆಸಿಕೊಳ್ಳೋವರೆಗೂ ಕಾದು, ಒಳಗೆ ತಿರುಗಿ, "ಕಯಲ್, ಇಲ್ಲಿ ಬಾ" ಅಂತ ಕೂಗಿದಳು. ಕಿವಿ ಚುಚ್ಚೋ ಶಾಸ್ತ್ರಕ್ಕೆ ನಾನು ಹೋಗಿದ್ದೆನಲ್ಲ, ಆ ಮಗು. ಈಗ ಕಾಲೇಜಿಗೆ ಹೋಗೋ ಹುಡುಗಿ. ಕೈ ಒರೆಸಿಕೊಂಡು ಬಂದು ಬಾಗಿಲಿಗೆ ಒರಗಿ ನಿಂತಳು.

"ಇವಳಿಗೆ ಹೇಳಿ" ಅಂದಳು ಸೆಲ್ವಿ. "ನಿಮ್ಮಮ್ಮ ಮಕ್ಕಳ ಬಟ್ಟೆಯಲ್ಲಿ ಸೂಜಿ ಬಿಟ್ಟು ಕಳಿಸಿದೋಳು ಅಂತ ಇವರಪ್ಪನ ಕಡೆಯೋರು ಇವಳಿಗೆ ಚಿಕ್ಕಂದಿನಿಂದ ಹೇಳ್ತಾ ಬಂದಿದ್ದಾರೆ. ನಾನು ಇಲ್ಲ ಅಂದ್ರೆ, ಅಮ್ಮ ಅಲ್ವಾ, ಹಾಗೇ ಹೇಳ್ತಾಳೆ ಅಂದ್ಕೊಳ್ತಾಳೆ."

ನಾನು ಆ ಹುಡುಗಿಯ ಕಡೆ ತಿರುಗಿದೆ. "ಅವತ್ತು ಏನಾಯ್ತು ಅಂದ್ರೆ ಮಗೂ, ನಮ್ಮ ಮ್ಯಾನೇಜರ್ ತುಂಬಾ ಒತ್ತಡ ಹಾಕಿದ್ರು. ಕಂಟೇನರ್..."

ಸೆಲ್ವಿ ಮೆಷಿನ್ ನಿಲ್ಲಿಸಿದಳು. "ಮ್ಯಾನೇಜರ್ ಅಲ್ಲಿರಲಿಲ್ಲ ಅಕ್ಕಾ" ಅಂದಳು. "ನೀವು, ನಾನು, ಇಬ್ಬರೇ ಇದ್ದದ್ದು."

ಅಷ್ಟು ದೂರ ಹೋಗಿ, ಆ ಮನೆಯಲ್ಲಿ ಕೂತು, ಸತ್ತ ಆ ತಾಯಿಯ ಮಾತು ಕೇಳಿದ ಮೇಲೂ ನನ್ನ ನಾಲಿಗೆ ಇನ್ನೊಬ್ಬರ ಹೆಸರನ್ನೇ ಹುಡುಕ್ತಿತ್ತು. ನಾನು ಕುರ್ಚಿಯಿಂದ ಎದ್ದು ನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ, ಕೂತು ಹೇಳೋಕೆ ಆಗಲಿಲ್ಲ. ಮೊದಲಿಂದ ಹೇಳಿದೆ. ತುದಿ ಸಿಗಲಿಲ್ಲ, ಡಬ್ಬಿಯಿಂದ ಬೇರೆ ಚೂರು ತೆಗೆದದ್ದು ನಾನು. ಅಂಟಿಸಿದ್ದು ನಾನು. ನಿಮ್ಮಮ್ಮ ಇದು ನನ್ನದಲ್ಲ ಅಂತ ಒಂದಲ್ಲ, ಎರಡು ಸಲ ಹೇಳಿದಳು. ದೊಡ್ಡ ಸಾರ್ ಕೇಳಿದಾಗ ಸುಳ್ಳು ಹೇಳಿದ್ದು ನಾನು. ನಿಮ್ಮಮ್ಮ ಒಂದು ತಪ್ಪೂ ಮಾಡಲಿಲ್ಲ.

ಹುಡುಗಿ ನನ್ನ ಕಡೆ ನೋಡಲೇ ಇಲ್ಲ. ತಾಯಿಯನ್ನೇ ನೋಡ್ತಿದ್ದಳು. ಅವಳನ್ನೇ ಕೇಳಿದಳು.

"ನಿನ್ನದಲ್ಲ ಅಂತ ನಿನಗೆ ಗೊತ್ತಿತ್ತು. ಮತ್ತೆ ಯಾಕಮ್ಮ ಸಹಿ ಹಾಕಿದೆ?"

ಸೆಲ್ವಿ ಬ್ಲೌಸನ್ನ ಮೆಷಿನ್ನಿನಿಂದ ಬಿಡಿಸಿಕೊಂಡು, ದಾರ ಕತ್ತರಿಸುತ್ತಾ, "ಅಕ್ಕ ಹೇಳಿದ್ರಲ್ಲ, ಅದಕ್ಕೆ" ಅಂದಳು.